ಅಕ್ಟೋಬರ್ ಹನ್ನೆರಡರ ಪುಟ

8 ಅಕ್ಟೋಬರ್ 2024, ಮಂಗಳವಾರ, ಮಧ್ಯಾಹ್ನ 12.40

ತಪ್ಪೊಪ್ಪಿಗೆ. ಮೋನಪ್ಪನೆಂಬ ನಾನು, ವಯಸ್ಸು ಐವತ್ತೊಂದು, ಭೌತಶಾಸ್ತ್ರದ ಅರೆಕಾಲಿಕ ಮೇಷ್ಟ್ರು, ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ, ಕಾಲೇಜಿನ ಕಾಪಿಯರ್ ರೂಮಿನಿಂದ ಒಂದು ಕತ್ತರಿ ಕದ್ದೆ. ಕೆಂಪು ಹಿಡಿ. ಸಾಕ್ಷಿ ಇಲ್ಲ. ಇವರು ನನ್ನ ಗಂಟೆಗಳಿಗೆ ಪ್ರತಿ ಸೆಮಿಸ್ಟರೂ ಕತ್ತರಿ ಹಾಕುತ್ತಾರೆ, ನಾನು ಒಮ್ಮೆ ಅವರ ಕತ್ತರಿಗೆ ಕೈ ಹಾಕಿದೆ. ಲೆಕ್ಕ ಸರಿ. ಮನೆಯ ಕತ್ತರಿ ಹೆಂಡತಿ ಜಯಂತಿಯ ಹೊಲಿಗೆ ಡಬ್ಬಿಯಲ್ಲಿದೆ, ತೆಗೆದರೆ ಯಾಕೆ ಅನ್ನುತ್ತಾಳೆ. ಯಾಕೆಂದು ನೀನೂ ಕೇಳಬೇಡ, ಡೈರಿ. ನೀನಂತೂ ಕೇಳಲೇಬೇಡ.

ಇನ್ನು ಯುದ್ಧದ ಸುದ್ದಿ. ಫುಲ್‌ಟೈಮ್ ಹುದ್ದೆ ಒಂದು, ಅರೆಕಾಲಿಕರು ಇಬ್ಬರು — ನಾನು, ಸಿದ್ದು. ಸಿದ್ಧಲಿಂಗೇಶ್, ಬಾಗಲಕೋಟೆಯವನು. ವರ್ಜೀನಿಯಾದ ಹರ್ನ್‌ಡನ್‌ನಲ್ಲಿ ನಮ್ಮ ಕೆಳಗಿನ ಅಪಾರ್ಟ್‌ಮೆಂಟು. ಆರು ವರ್ಷದಿಂದ ಒಂದೇ ಕಾರಿನಲ್ಲಿ ಕಾಲೇಜಿಗೆ. ಇಬ್ಬರೂ ಸೇರಿ ಮಾಡುವ ‘ಯಾರು ಮೊದಲು?’ ಕೋರ್ಸ್ ಹಿಟ್ ಆಗಿ ಕೂತಿದೆ. ಕ್ಯಾಲ್ಕುಲಸ್ ನ್ಯೂಟನ್ನನದೋ ಲೈಬ್ನಿಟ್ಸನದೋ, ವಿಕಾಸವಾದ ಡಾರ್ವಿನ್ನನದೋ ವಾಲೇಸನದೋ — ಮಕ್ಕಳೇ ವಕೀಲರು, ಮಕ್ಕಳೇ ಜ್ಯೂರಿ. ಈ ಕೋರ್ಟಿನ ಐಡಿಯಾ ಯಾರದೋ ಅವರಿಗೆ ಹುದ್ದೆ. ನನ್ನದೆಂದು ನಾನು, ತನ್ನದೆಂದು ಅವನು. ಕಲಿಸುವ ಪಾಠವನ್ನೇ ಮೇಷ್ಟ್ರು ಆಡಿ ತೋರಿಸುತ್ತಿದ್ದೇವೆ, ಪ್ರಾಕ್ಟಿಕಲ್ಸು.

ತಾರೀಕಿರುವ ಸಾಕ್ಷಿ ತನ್ನಿ ಎಂದಿದ್ದಾರೆ ಡಿಪಾರ್ಟ್‌ಮೆಂಟ್ ಚೇರ್. ಇಪ್ಪತ್ತೆಂಟು ವರ್ಷ ಡೈರಿ ಬರೆದವನ ಹತ್ತಿರ ತಾರೀಕು ಕೇಳುತ್ತಾರೆ... ಸಿದ್ದುವಿನ ಬಳಿ ಇರುವುದು ತನಗೆ ತಾನೇ ಕಳಿಸಿಕೊಂಡ ಒಂದು ಇಮೇಲ್ — 17 ಅಕ್ಟೋಬರ್ 2022. ನನ್ನ ಪುಟ ಹನ್ನೆರಡರದು. ಐದು ದಿನ ಮುಂಚೆ. ಜನ ಸುಳ್ಳು ಹೇಳಬಹುದು, ನನ್ನ ಡೈರಿ ಹೇಳುವುದಿಲ್ಲ.

9 ಅಕ್ಟೋಬರ್

ಬೆಳಿಗ್ಗೆ ಕಾರಿನಲ್ಲಿ ಮಾತಾಡಿದ್ದು ಗಾಜಿಗಂಟಿದ ಈಝೀಪಾಸ್ ಒಂದೇ. ಟೋಲ್ ಬಂದಾಗ ಪೀಂ ಎಂದಿತು. ಬೆಲ್ಟ್‌ವೇ ತನಕ ಅದರದ್ದೇ ಪ್ರತಿಧ್ವನಿ.

ಜಯಂತಿ ಹೇಳುತ್ತಾಳೆ, ಇಬ್ಬರದೂ ಅಂತ ಬರೆದುಕೊಡಿ. ಒಂದು ಸೀಟಿಗೆ ಇಬ್ಬರು ಕೂರಲು ಅದೇನು ಪುತ್ತೂರು ಬಸ್ಸಾ ಎಂದೆ. ನಗಲಿಲ್ಲ.

21 ಅಕ್ಟೋಬರ್, ಸೋಮವಾರ

ಮೀಟಿಂಗ್. ಪುಟ ಮುಂದಿಟ್ಟು ನಾನೇ ಇಂಗ್ಲಿಷಿನಲ್ಲಿ ಓದಿದೆ: “ಟೋಲ್ ರೋಡಿನಲ್ಲಿ ಟ್ರಾಫಿಕ್. ಐನ್‌ಸ್ಟೈನ್, ಹಿಲ್ಬರ್ಟ್ ಇಬ್ಬರನ್ನೂ ಕೋರ್ಟಿಗೆಳೆದು ಮಕ್ಕಳ ಕೈಲಿ ವಾದ ಮಾಡಿಸುವ ಯೋಚನೆ.” ಅಷ್ಟೇ. ಕೆಳಗಿನ ನಾಲ್ಕು ಬೆರಳಷ್ಟು ಪುಟ ಇಲ್ಲ. ಅದೇನಾಯಿತು ಎಂದರು ಚೇರ್. ಹೆಂಡತಿ ಕಿರಾಣಿ ಪಟ್ಟಿಗೆ ಹರಿದುಕೊಂಡಿರಬೇಕು ಎಂದೆ. ಅವರು ನಕ್ಕರು.

ಸಿದ್ದು ಅಂಚನ್ನೇ ನೋಡುತ್ತಿದ್ದ. ಹರಿದ ಅಂಚಲ್ಲ, ಗೆರೆ ಎಳೆದ ಹಾಗೆ ನೇರ. ಒಂದು ನಿಮಿಷವಾದರೂ ನೋಡಿರಬೇಕು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

“ನಿನ್ನ ಡೈರ್ಯಾಗ ಬರದೈತಿ ಅಂದ್ರ ಆತು ಬಿಡೋ ಮೋನ್ಯಾ. ನಂದ ಏನೋ ತಪ್ಪು ನೆನಪು.”

ಗೆದ್ದೆ. ಹಾಗೆಂದು ಬರೆದುಕೊಳ್ಳುತ್ತೇನೆ.

14 ನವೆಂಬರ್, ಗುರುವಾರ

ಮೂರು ವಾರದಿಂದ ಒಬ್ಬನೇ ಡ್ರೈವ್ ಮಾಡುತ್ತಿದ್ದೇನೆ. ಸಿದ್ದುವಿಗೆ ಶಾರ್ಲಟ್‌ನ ಒಂದು ಹೈಸ್ಕೂಲಿನಲ್ಲಿ ಕೆಲಸವಂತೆ, ಜನವರಿಯಿಂದ. ಅವನ ಹೆಂಡತಿ ಶಿವಬಸಮ್ಮ ಕರಿಬೇವಿನ ಕುಂಡ ತಂದು ಜಯಂತಿಗೆ ಕೊಟ್ಟು ಹೋದಳು. ಅಲ್ಲಿ ಬಾಲ್ಕನಿ ಇಲ್ಲವಂತೆ.

ಇವತ್ತು ಕ್ಲಾಸಿನಲ್ಲಿ ಐನ್‌ಸ್ಟೈನ್-ಹಿಲ್ಬರ್ಟ್ ಕೇಸು. ಸಾಪೇಕ್ಷತೆಯ ಸಮೀಕರಣ ಮೊದಲು ಯಾರು ಬರೆದರು ಎಂದು. ಹಿಲ್ಬರ್ಟನ ಲೇಖನದ ಅಚ್ಚಿನ ಪ್ರೂಫ್ ಹಾಳೆಗಳಲ್ಲಿ ಒಂದು ತುಂಡು ಇಲ್ಲ. ಯಾರು ಕತ್ತರಿಸಿದರೋ ಇಂದಿಗೂ ಗೊತ್ತಿಲ್ಲ, ಸಮೀಕರಣ ಅದರಲ್ಲೇ ಇತ್ತೆನ್ನುವವರೂ ಇದ್ದಾರೆ ಎಂದೆ. ಎದ್ದವಳು ಅಕ್ಷಯಾ, ಐನ್‌ಸ್ಟೈನ್ ಕಡೆಯ ವಕೀಲೆ. ಕ್ಲಾಸಿನಲ್ಲಿ ಪ್ರೊಫೆಸರ್ ಅನ್ನುತ್ತಾಳೆ, ಕನ್ನಡ ಸಂಘದ ಊಟದಲ್ಲಿ ಅಂಕಲ್. ನನ್ನನ್ನು ಕಾಡಿಸಲು ಕನ್ನಡಕ್ಕೆ ಬಂದಳು.

“ಅಂಕಲ್, ಪೇಪರ್ ಸೆಲ್ಫ್ ಕಟ್ ಆಗಲ್ಲ, ರೈಟ್?”

ಒಂದು ಜೋಕು ಹೇಳಬೇಕಿತ್ತು. ನೀರು ಕುಡಿದೆ.

16 ಡಿಸೆಂಬರ್, ಸೋಮವಾರ, ಬೆಳಿಗ್ಗೆ 7.10

ಹತ್ತಕ್ಕೆ ನೇಮಕಪತ್ರಕ್ಕೆ ಸಹಿ.

ಕಿರಾಣಿ ಪಟ್ಟಿಯ ಕಥೆ ಶಿವಬಸಮ್ಮನಿಂದ ಜಯಂತಿಗೆ ಮುಟ್ಟಿದೆ. ಈಗಷ್ಟೇ ಕಾಫಿ ಲೋಟ ಇಟ್ಟು ಕೇಳಿದಳು.

“ಲಿಸ್ಟ್ ನಾನು ಫೋನಲ್ಲಿ ಬರೆಯುವುದಲ್ವಾ ಮಾರಾಯ್ರೆ? ನಿಮ್ಮ ಡೈರಿ ನಾನು ಮುಟ್ಟಿದ್ದು ಯಾವಾಗ?”

ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಕಿಟಕಿಯಿಂದ ಕಾಣುತ್ತಿದೆ. ಕೆಳಗೆ ಸಿದ್ದು ಕಾರಿಗೆ ಪೆಟ್ಟಿಗೆ ತುಂಬುತ್ತಿದ್ದಾನೆ. ನಾನು ಸಹಿ ಹಾಕುವ ಹೊತ್ತಿಗೆ ವರ್ಜೀನಿಯಾದ ಅರ್ಧ ದಾಟಿರುತ್ತಾನೆ — ತನ್ನ ನೆನಪೇ ಕೆಟ್ಟಿದೆ ಎಂದುಕೊಂಡು.

ತುಂಡು ನನ್ನ ಪರ್ಸಿನಲ್ಲಿದೆ. ಎಸೆಯಲು ಕೈ ಬರಲಿಲ್ಲ. ಬರೆದದ್ದನ್ನು ಎಸೆದು ಅಭ್ಯಾಸವಿಲ್ಲ, ಕತ್ತರಿಸಿ ಅಭ್ಯಾಸವಾಗಿದೆ ಅಷ್ಟೇ. ಕೆಳಗಿಳಿದು ಅವನ ಕೈಗೆ ಕೊಡುವ ಮುಂಚೆ — ಕೊಟ್ಟರೆ — ಇಲ್ಲಿ ನಕಲು ಮಾಡಿಡುತ್ತೇನೆ. ನನ್ನದೇ ಅಕ್ಷರ, 12 ಅಕ್ಟೋಬರ್ 2022:

“ಐಡಿಯಾ ಸಿದ್ದುವಿನದು. ಭೌತಶಾಸ್ತ್ರವೇನು ನಾಟಕ ಕಂಪನಿಯಾ ಎಂದೆ. ಎರಡು ಎಕ್ಸಿಟ್ ದಾಟುವ ತನಕ ನಕ್ಕೆ. ಪಾಪ, ಸುಮ್ಮನಾದ. ಇದು ಖಂಡಿತ ತೋಪಾಗುತ್ತದೆ. ಮುಂದೆ ಯಾರೂ ಇದು ಮೋನಪ್ಪನ ಐಡಿಯಾ ಅನ್ನಬಾರದೆಂದೇ ತಾರೀಕು ಹಾಕಿ ಬರೆದಿಡುತ್ತಿ—”

ಕೆಳಗೆ ಕಾರು ಸ್ಟಾರ್ಟ್ ಆಯಿತು.