ನಾಲಿಗೆಯ ಕೆಳಗಿನ ಗುಳಿಗೆ

ತೇಲೂರು, ಬೀಳಗಿ ಹಿನ್ನೀರು
೩೦ ಫೆಬ್ರವರಿ ೨೧೮೭

ನಮ್ಮ ಮನೆತನದ ಹಿಂದಿನ ಅತ್ತೆಯಂದಿರಿಗೆ,

ತಾರೀಖು ತಪ್ಪಲ್ಲ. ಈಗ ಫೆಬ್ರವರಿಗೆ ಮೂವತ್ತು ದಿನ. ನಾನು ಹೈಸ್ಕೂಲಿನವರೆಗೆ ಓದಿದವಳು. ನಮ್ಮ ಕಾಲದ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ವಿಷಯ ಮಾತ್ರ ನಿಮಗೆ ಹೊಸದಲ್ಲ. ನನ್ನ ಸಿಟ್ಟು ಅದಕ್ಕೇ.

ನಮ್ಮ ಮನೆಗಳು ನೀರಿನ ಮೇಲೆ ತೇಲುತ್ತವೆ. ಹೆಂಗಸರ ಬಚ್ಚಲಲ್ಲೆಲ್ಲ ಮೂತ್ರಗನ್ನಡಿ ಇದೆ. ಮೈಗೆ ಯಾವ ರೋಗ ಹೊಕ್ಕಿದೆಯೆಂದು ತೋರಿಸುತ್ತದೆ. ಗಂಡಸರು ತಮ್ಮ ಬಚ್ಚಲಲ್ಲಿ ಅದನ್ನು ಹಾಕಿಸಗೊಟ್ಟಿಲ್ಲ. ಶ್ರಾವಣದಲ್ಲಿ ಅದು ಮೊಮ್ಮಗ ಮಲ್ಲೇಶಿಯ ಹೆಂಡತಿ ನೀಲಾಂಬಿಕೆಗೆ ಟ್ರೈಕೊಮೊನಾಸ್ ಇದೆಯೆಂದಿತು. ಅದು ಗಂಡುಹೆಣ್ಣಿನ ಕೂಟದಿಂದ ಹರಡುವ, ಕಣ್ಣಿಗೆ ಕಾಣದ ಪರಾವಲಂಬಿ. ಅವಳಿಗೆ ತುರಿಕೆ, ಉರಿಮೂತ್ರ, ಹಳದಿ ಸ್ರಾವ. ಅವನಿಗೆ ಏನೂ ಇಲ್ಲ. ಹೆಚ್ಚಿನ ಗಂಡಸರಿಗೆ ಏನೂ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಸದ್ದಿಲ್ಲದೆ ಇರುವುದರಿಂದ ಯಾರಿಂದ ಯಾರಿಗೆ ಬಂತೆಂದು ಹೇಳಲೂ ಆಗದು.

ಇದಕ್ಕೆ ಇಬ್ಬರ ಗುಳಿಗೆಯೂ ಇರುವ ಜೋಡಿಪೊಟ್ಟಣ ಕೊಡುತ್ತಾರೆ. ಗಂಡಹೆಂಡತಿ ಇಬ್ಬರೂ ಹೆಬ್ಬೆಟ್ಟು ಒತ್ತಿದರೆ ಮಾತ್ರ ತೆರೆಯುತ್ತದೆ. ಇಬ್ಬರೂ ಒತ್ತಿದರು. ಆದರೂ ಮೂರು ಸಲ ವಾಸಿಯಾಗಿ ಮೂರು ಸಲ ಮರಳಿತು. ಅವಳು ಶುಚಿಯಾಗಿಲ್ಲ ಎಂದು ನಾನು ತೀರ್ಮಾನಿಸಿದೆ. ಬೇವಿನ ನೀರಲ್ಲಿ ತೊಳೆಸಿದೆ, ತಟ್ಟೆ ಬೇರೆ ಮಾಡಿದೆ. ಆರು ತಿಂಗಳ ಬಸುರಿ ತವರಿಗೆ ಹೊರಡಲು ಬಟ್ಟೆ ಕಟ್ಟಿದಳು.

ಈ ರೋಗ ಉಳಿದರೆ ಕೂಸು ದಿನ ತುಂಬುವ ಮೊದಲೇ ಹುಟ್ಟಬಹುದೆಂದು ಪೊಟ್ಟಣ ಕೊಟ್ಟ ವೈದ್ಯೆ ಹೆದರಿಸಿದಳು. ಆಮೇಲೆ ನನ್ನನ್ನೇ ನೋಡಿ ಕೇಳಿದಳು: "ಆಯಿ, ನಿಮ್ಮ ಮೊಮ್ಮಗ ಗುಳಿಗಿ ನುಂಗಿದ್ದು ಯಾರರೇ ನೋಡ್ಯಾರೇನು?"

ನಾನು ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ. ಅಂದು ತಗ್ಗಿಸಿದೆ.

ಮರುದಿನ ಊಟದ ಹೊತ್ತಿಗೆ ಹೊಸ ಪೊಟ್ಟಣ ತೆರೆಸಿದೆ. ಮಲ್ಲೇಶಿ ನೀರು ಕುಡಿದು ಎದ್ದ. ನಾಲಿಗೆ ಎತ್ತು ಎಂದೆ. ಗುಳಿಗೆಗಳು ಅಲ್ಲೇ ಇದ್ದವು.

"ನನಗೇನೂ ಆಗಿಲ್ಲಲ್ಲ ಆಯಿ, ನಾ ಯಾಕ ನುಂಗಬೇಕು?"

"ನುಂಗು. ನಾ ಇಲ್ಲೇ ಕುಂತೀನಿ."

ನುಂಗಿದ. ಗಂಡಸಿಗೆ ಒಂದೇ ಹೊತ್ತಿನ ಮದ್ದು. ಅವಳ ಏಳು ದಿನದ ಮದ್ದು ಮುಗಿದು ಮತ್ತೊಂದು ವಾರ ಕಳೆಯುವವರೆಗೂ ಅವನ ಹಾಸಿಗೆಯನ್ನು ನನ್ನ ಕೋಣೆಯಲ್ಲೇ ಹಾಸಿದೆ. ಈಗ ಕನ್ನಡಿ ತಿಳಿಯಾಗಿದೆ. ನೀಲಾಂಬಿಕೆ ತವರಿಗೆ ಹೋಗಲಿಲ್ಲ. ಆದರೆ ನನ್ನ ಕೈಯಿಂದ ನೀರು ಕೂಡ ಕುಡಿಯುವುದಿಲ್ಲ.

ನಿಮ್ಮ ಕಾಲದ ಒಂದು ಆಸ್ಪತ್ರೆ ಚೀಟಿ ನಮ್ಮ ಪೆಟ್ಟಿಗೆಯಲ್ಲಿದೆ. ಅದರಲ್ಲೂ ಬರೆದಿದೆ: ಇಬ್ಬರೂ ಒಟ್ಟಿಗೆ ಔಷಧ ತೆಗೆದುಕೊಳ್ಳಬೇಕು. ನೂರಾರು ವರ್ಷ ನಾವೆಲ್ಲ ಅದನ್ನು ಓದಿ ಮಡಚಿಟ್ಟೆವು.

ಸೊಸೆಗೆ ಬೇವಿನ ನೀರು ಕಾಯಿಸುವ ಮೊದಲು ಮಗನ ನಾಲಿಗೆ ಎತ್ತಿಸಿ ನೋಡಿ. ಇಷ್ಟೇ ನನ್ನ ಕೋರಿಕೆ.

ಶಿವಗಂಗವ್ವ