ಅರವತ್ತು ಟೊಪ್ಪಿಗಳ ವಾರ

ನವೆಂಬರ್ 17, ಸೋಮವಾರ. ಸಂಜೆ 4.10, ಅಂಗಡಿಯಲ್ಲಿ

ಹನ್ನೊಂದು ಟೊಪ್ಪಿ ಫ್ರೇಮಿಗೆ ಹಾಕಿದೆ. ಸರಿಯಾದದ್ದು ನಾಲ್ಕು. ಬೆರಳ ತುದಿ ಉರಿಯುತ್ತಿದೆ, ಆದರೂ ಖುಷಿ! ಮದುವೆಯಾಗಿ ಇಪ್ಪತ್ತೆರಡು ದಿನ. ಅದರಲ್ಲಿ ಎಂಟು ದಿನ ಗಂಡನ ಎಂಬ್ರಾಯ್ಡರಿ ಅಂಗಡಿಯಲ್ಲಿ, ಅವನಿಂದ ಹತ್ತೇ ಅಡಿ ದೂರದಲ್ಲಿ. ಪುತ್ತೂರು ಬಸ್‌ಸ್ಟ್ಯಾಂಡಿನ ಗಲಾಟೆಯೆಲ್ಲ ಕಿಟಕಿಯ ಹೊರಗೆ. ಒಳಗೆ ಮೆಷಿನಿನ ಟಕಟಕ. ಅದರ ಹಿಂದೆ ಕೌಶಲ್‌ನ ಒಂದು ಕಿವಿ ಮಾತ್ರ ಕಾಣುತ್ತದೆ. ಆ ಕಿವಿಯೂ ಎಷ್ಟು ಕ್ಯೂಟ್... ಅತ್ತೆಯ ಎದುರು ‘ಇವರು’. ಇಲ್ಲಿ ಕೌಶಲ್.

ಕಲಿಸುವುದು ಪೂವಕ್ಕ. ಹನ್ನೆರಡು ವರ್ಷದಿಂದ ಸುಳ್ಯದಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ತೀರಿಹೋದ ನನ್ನ ಮಾವ ಕಲಿಸಿದ ಕೈ. ಮೊದಲು ಒದ್ದೆ ಬಟ್ಟೆಯಿಂದ ಟೊಪ್ಪಿಯ ಹಣೆ ಒರೆಸಬೇಕು, ಒಳಗಿನ ಗಟ್ಟಿ ಬಟ್ಟೆ, ಬಕ್ರಂ, ಮೆತ್ತಗಾಗಲು. ಬೆವರುಪಟ್ಟಿಯನ್ನು ಹೊರಗೆ ಮಡಚಬೇಕು. ಹಿಂದೆ ಪೇಪರ್ ಇಟ್ಟು, ಉರುಟು ಫ್ರೇಮಿನ ಮೇಲೆ ಟೊಪ್ಪಿ ಎಳೆದು, ನಡುವಿನ ಹೊಲಿಗೆಯನ್ನು ಕೆಂಪು ಗೆರೆಯ ಮೇಲೆಯೇ ಕೂರಿಸಬೇಕು. ಆಮೇಲೆ ಹಲ್ಲುಗಳಿರುವ ಲೋಹದ ಪಟ್ಟಿ ಬಿಗಿದು, ಎರಡು ಕಡೆ ಕ್ಲಿಪ್. ಪೂವಕ್ಕ ನನ್ನದನ್ನು ಬೆರಳಿನಿಂದ ತಟ್ಟಿ ನೋಡಿದರು.

“ಡೋಲಿನ ಹಾಗೆ ಕೇಳ್ಬೇಕು. ಇದು ಹಸಿ ಹಪ್ಪಳ.”

ಉಪ್ಪಿನಂಗಡಿಯ ಯುವಕರ ತಂಡಕ್ಕೆ ಅರವತ್ತು ಟೊಪ್ಪಿ. ನೆರೆ ಬಂದಾಗ ಜನರನ್ನು ದಾಟಿಸುವವರು. ಹಣೆಯ ಮೇಲೆ ಒಂದು ದೋಣಿ. ಶನಿವಾರ ಕೊಡಬೇಕು.

ಮತ್ತೆ... ಬೆಳಿಗ್ಗೆ ಕೇಳಿದ್ದು. ಬರೆಯಲೋ ಬೇಡವೋ. ಅಡುಗೆಮನೆಯಲ್ಲಿ ಅತ್ತೆ ಕೌಶಲ್‌ಗೆ ಹೇಳುತ್ತಿದ್ದರು, “ಪ್ರೀತಿಕಾ ಕಲಿತ ಮೇಲೆ ಪೂವಮ್ಮ ಎಂತಕೆ? ಮನೆಯವಳೇ ಉಂಟಲ್ಲ.”

“ಮೊದಲು ಕಲಿಯಲಿ ಅಮ್ಮ. ಮತ್ತೆ ನೋಡುವ.”

ನಾನು ಹತ್ತಿರ ಇರಲಿ ಅಂತ ಕರೆದುಕೊಂಡು ಬಂದದ್ದು ಅಂದುಕೊಂಡಿದ್ದೆ! ಹಾಗಾದರೆ ನಾನು ಕಲಿತ ದಿನ ಪೂವಕ್ಕನ ಕೆಲಸ ಹೋಗುತ್ತದೆ. ಕಲಿಸುತ್ತಿರುವುದು ಅವರೇ. ಅವರಿಗೆ ಗೊತ್ತಿದೆಯೇ? ಗೊತ್ತಿದ್ದೂ ಕಲಿಸುತ್ತಿದ್ದಾರೆಯೇ? ತಲೆ ಪೂರ್ತಿ ಗೋಜಲು.

ನವೆಂಬರ್ 18, ಮಂಗಳವಾರ

ನಿರ್ಧಾರ ಮಾಡಿದೆ. ಕಲಿಯುವುದಿಲ್ಲ. ಸಿಂಪಲ್. ನಾನು ದಡ್ಡಿಯಾದರೆ ಪೂವಕ್ಕ ಉಳಿಯುತ್ತಾರೆ.

ನಡುವಿನ ಹೊಲಿಗೆಯನ್ನು ಕೆಂಪು ಗೆರೆಯಿಂದ ಸ್ವಲ್ಪ ಓರೆ ಮಾಡಿ ಬಿಗಿದೆ. ಮೆಷಿನ್ ಹೊಲಿದು ಮುಗಿಸಿದಾಗ ದೋಣಿಯ ಮೂತಿ ಕೆಳಗೆ, ಬಾಲ ಮೇಲೆ. ಪೂವಕ್ಕ ಟೊಪ್ಪಿಯನ್ನು ದೂರ ಹಿಡಿದು ನೋಡಿದರು.

“ಎಂತ ಮಾರಾಯ್ತಿ ಇದು? ಜನರನ್ನು ಎತ್ಲಿಕ್ಕೆ ಹೋದ ದೋಣಿಯೇ ಮುಳುಗ್ತಾ ಉಂಟಲ್ಲ!”

ಕೌಶಲ್ ನಕ್ಕ. ನಾನೂ ನಕ್ಕೆ. ನಗುತ್ತಲೇ ಇನ್ನೂ ಮೂರು ದೋಣಿ ಮುಳುಗಿಸಿದೆ. ಸಂಜೆಯವರೆಗೂ ಒಳಗೊಳಗೆ ಎಷ್ಟು ಹೆಮ್ಮೆ! ನಾನು ನಿಜಕ್ಕೂ ಒಳ್ಳೆಯವಳು. ಇದನ್ನು ನಾನೇ ಬರೆಯಬಾರದು, ಆದರೆ ಬೇರೆ ಯಾರು ಬರೆಯುತ್ತಾರೆ?

ನವೆಂಬರ್ 19, ಬುಧವಾರ

ಬೆವರುಪಟ್ಟಿ ಮಡಚದೆ ಬಿಟ್ಟೆ. ಪದರಗಳೆಲ್ಲ ದಪ್ಪಕ್ಕೆ ಸೇರಿಕೊಂಡವು. ಸೂಜಿ ಟಕ್ ಅಂತ ಮುರಿಯಿತು. ತುಂಡು ಹಾರಿ ಕೌಶಲ್‌ನ ಕೆನ್ನೆಗೆ. ಕಣ್ಣಿನಿಂದ ಎರಡು ಬೆರಳು ಕೆಳಗೆ. ರಕ್ತ ಸಾಸಿವೆಯಷ್ಟು.

ಬೈಯಲಿಲ್ಲ. “ಕಲಿಯುವಾಗ ಆಗ್ತದೆ,” ಅಂದ. ನನಗೇ ಚಹಾ ತರಿಸಿದ. ಬೈದಿದ್ದರೆ ಎಷ್ಟೋ ವಾಸಿ.

ಪೂವಕ್ಕ ಮ್ಯಾಗ್ನೆಟ್ ಹಿಡಿದು ಸೂಜಿಯ ಚೂರುಗಳನ್ನು ಹೆಕ್ಕಿದರು. ಆಮೇಲೆ ನನ್ನ ಮುಖವನ್ನೇ ನೋಡಿದರು, ತುಂಬ ಹೊತ್ತು.

ಒಬ್ಬರನ್ನು ಉಳಿಸಲು ಹೋಗಿ ಇನ್ನೊಬ್ಬರ ಕಣ್ಣು... ಬೆಟ್ಟಂಪಾಡಿಗೆ, ಅಮ್ಮನಿಗೆ ಫೋನ್ ಮಾಡಬೇಕು ಅನಿಸಿತು. ಅವಳು ಮೊದಲು ಕೇಳುವುದೇ “ಅತ್ತೆ ಹೇಗಿದ್ದಾರೆ?” ಮಾಡಲಿಲ್ಲ.

ನವೆಂಬರ್ 21, ಶುಕ್ರವಾರ. ರಾತ್ರಿ ಊಟಕ್ಕೆ ಮೊದಲು

ನಿನ್ನೆ ತಲೆನೋವು ಅಂತ ಸುಳ್ಳು ಹೇಳಿ ಮನೆಯಲ್ಲೇ ಉಳಿದೆ. ಇವತ್ತು ಹೋಗಲೇಬೇಕಾಯಿತು. ಕೌಶಲ್ ನೂಲು ತರಲು ಹೊರಗೆ ಹೋದದ್ದೇ ತಡ, ಪೂವಕ್ಕ ಮೆಷಿನ್ ನಿಲ್ಲಿಸಿದರು.

“ಬೇಕಂತಲೇ ಮಾಡುದಲ್ವಾ ನೀನು?”

“ಇಲ್ಲ ಪೂವಕ್ಕ—”

“ಸುಳ್ಳು ಹೇಳ್ಬೇಡ. ಗೊತ್ತಿಲ್ಲದವಳು ಹಾಕಿದ್ರೆ ಒಂದು ಆ ಕಡೆ ಓರೆ, ಒಂದು ಈ ಕಡೆ ಓರೆ. ನಿಂದು ಎಲ್ಲ ಒಂದೇ ಕಡೆ, ಅಳತೆ ಹಿಡಿದ ಹಾಗೆ. ಅಷ್ಟು ಸರಿಯಾಗಿ ತಪ್ಪು ಮಾಡ್ಲಿಕ್ಕೆ ಕೆಲಸ ಬರಬೇಕು.”

ಅತ್ತುಬಿಟ್ಟೆ. ಎಲ್ಲ ಹೇಳಿದೆ. ಅಡುಗೆಮನೆಯ ಮಾತು, ನನ್ನ ಪ್ಲಾನ್. ಅಪ್ಪಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಪೂವಕ್ಕ ಹಣೆ ಬಡಿದುಕೊಂಡರು!

“ಅಯ್ಯೋ ಪೆದ್ದಿ! ನೀನು ಕಲಿತ್ರೆ ಅಲ್ವಾ ನಾನು ಹೋಗುದು? ಮಗಳು ಭವಿತಾ ಸುಳ್ಯದಲ್ಲಿ ರೂಮು ಹಿಡಿದಾಯ್ತು. ಮೆಷಿನು ಮುಂದಿನ ವಾರ ಬರ್ತದೆ. ನಮ್ಮದೇ ಅಂಗಡಿ. ಆದರೆ ಇಲ್ಲಿ ಟೊಪ್ಪಿ ಫ್ರೇಮಿಗೆ ಹಾಕ್ಲಿಕ್ಕೆ ಒಬ್ಬರಾದ್ರೂ ಬೇಡ್ವಾ? ನಿನ್ನ ಮಾವ ಕಲಿಸಿದ ಕೆಲಸ, ನಡುವಲ್ಲಿ ಬಿಟ್ಟು ಓಡ್ಲಿಕ್ಕೆ ನನಗೆ ಮನಸ್ಸು ಬರುದಿಲ್ಲ. ಕೌಶಲನಿಗೆ ಒಂದು ಮದುವೆ ಆಗ್ಲಿ ಅಂತ ಆರು ತಿಂಗಳಿಂದ ಕಾದದ್ದು ನಾನು!”

“ಕೌಶಲ್‌ಗೆ ಗೊತ್ತುಂಟಾ?”

“ನಾಳೆ ಟೊಪ್ಪಿ ಕೊಟ್ಟ ಮೇಲೆ ನಾನೇ ಹೇಳ್ತೇನೆ. ನೀನು ಬಾಯಿ ಬಿಡ್ಬಾರ್ದು. ಮಾತು ಕೊಡು.”

ಕೊಟ್ಟೆ. ಆಮೇಲೆ ಕೆಲಸಕ್ಕೆ ಕೂತೆ. ಹಾಳಾದವುಗಳ ಬದಲಿಗೆ ಸ್ಟಾಕಿನಿಂದ ಬೇರೆ ತೆಗೆದರು. ಸಂಜೆಯೊಳಗೆ ಇಪ್ಪತ್ತಾರು ಟೊಪ್ಪಿ. ಒಂದೂ ಓರೆಯಿಲ್ಲ. ಕೈಗೇ ತಿಳಿಯುತ್ತದೆ, ಬಟ್ಟೆ ಎಲ್ಲಿ ಸಾಕು ಅನ್ನುತ್ತದೆ ಅಂತ. ಓ ಗಾಡ್, ನನಗೆ ಈ ಕೆಲಸ ಇಷ್ಟ! ಪಕ್ಕದಲ್ಲಿ ಕೂತು ಕಲಿಸಿದವರು ಎದುರಾಳಿ ಅಂಗಡಿ ಇಡುವವರು. ಖುಷಿಪಡಬೇಕೋ ಸಿಟ್ಟು ಮಾಡಬೇಕೋ? ಎರಡೂ ಒಟ್ಟಿಗೆ ಬರುತ್ತಿವೆ.

ನವೆಂಬರ್ 22, ಶನಿವಾರ. ಸಂಜೆ 6.30

ತಂಡದ ಶುಕೂರ್ ಬಂದರು. ಒಂದು ಟೊಪ್ಪಿ ತಲೆಗಿಟ್ಟು ಕನ್ನಡಿಯಲ್ಲಿ ಈ ಬದಿ ಆ ಬದಿ ನೋಡಿದರು.

“ಎಂತ ಚಂದ ಮಾರಾಯ್ರೆ! ಇದು ಒದ್ದೆ ಆಗ್ತದೆ ಅಂತ ನಮ್ಮ ಹುಡುಗರು ನೀರಿಗೇ ಇಳಿಯಲಿಕ್ಕಿಲ್ಲ ಇನ್ನು.”

“ಅರ್ಧ ನನ್ನ ಹೆಂಡತಿ ಮಾಡಿದ್ದು,” ಅಂದ ಕೌಶಲ್. ಪರರ ಎದುರು, ಅಷ್ಟು ಜೋರಾಗಿ! ನಾನು ನೂಲಿನ ಪೆಟ್ಟಿಗೆಯೊಳಗೆ ಮುಖ ಇಟ್ಟೆ.

ಅತ್ತೆಯೂ ಬಂದಿದ್ದರು. ಶುಕೂರ್ ಮೆಟ್ಟಿಲಿಳಿದದ್ದೇ, ಪೂವಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು, “ಪೂವಮ್ಮ, ಪ್ರೀತಿಕಾಳಿಗೆ ಕೆಲಸ ಬಂತಲ್ಲ. ಸೋಮವಾರದಿಂದ ನೀನು ಬರುದು ಬೇಡ. ಬೇಜಾರು ಮಾಡ್ಬೇಡ.”

ಕೌಶಲ್ ನೆಲ ನೋಡುತ್ತ ನಿಂತ.

ಪೂವಕ್ಕ ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾದೆ. “ಆಯ್ತಕ್ಕ,” ಅಂದರು. ಟಿಫಿನ್ ಬಾಕ್ಸ್ ಚೀಲಕ್ಕೆ ಹಾಕಿ ಐದೂವರೆಯ ಬಸ್ಸಿಗೆ ಹೋದರು. ಅಷ್ಟೇ. ತಮ್ಮ ಅಂಗಡಿಯ ಮಾತು ಎತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಯಾಕೆ? ನೋವಾಯಿತೇ? ಅಥವಾ ಹೇಳುವ ಕಷ್ಟ ತಪ್ಪಿತು ಅಂತ ಸಮಾಧಾನವೇ? ಹೊರಟವರನ್ನೇ ಕಳಿಸಿದರೂ ಕಳಿಸಿದ್ದು ಕಳಿಸಿದ್ದೇ ಅಲ್ಲವೇ? ಗೊತ್ತಾಗುತ್ತಿಲ್ಲ. ನಿಜವಾಗಿಯೂ ಏನೂ ಗೊತ್ತಾಗುತ್ತಿಲ್ಲ.

ನವೆಂಬರ್ 23, ಭಾನುವಾರ. ಬೆಳಿಗ್ಗೆ 8.20

ಕೌಶಲ್ ನಿನ್ನೆ ಊಟ ಮಾಡಲಿಲ್ಲ. ಇವತ್ತು ಎರಡು ನೀರುದೋಸೆ ತಿಂದು ಎದ್ದ. ಕೈ ತೊಳೆಯುವಲ್ಲಿ ನನಗೆ ಮಾತ್ರ ಕೇಳುವ ಹಾಗೆ ಅಂದ, “ಅಪ್ಪ ಇದ್ದಿದ್ರೆ ನನಗೆ ಎರಡು ಬಾರಿಸ್ತಿದ್ರು ಪ್ರೀತಿ. ಬಾಯಿ ಮುಚ್ಚಿ ನಿಂತೆನಲ್ಲ.”

ಒಂದು ವಾಕ್ಯ ಸಾಕು. ‘ಪೂವಕ್ಕ ತಾವೇ ಹೋಗುವವರಿದ್ದರು’ ಅಂತ ಹೇಳಿದರೆ ಇವನ ಮುಖ ಸರಿಯಾಗುತ್ತದೆ. ಆದರೆ ಮಾತು ಕೊಟ್ಟಿದ್ದೇನೆ. ಮತ್ತೆ ಇನ್ನೊಂದು ಭಯ. ಹೇಳಿದ ಕೂಡಲೇ ‘ಹಾಗಾದರೆ ಸರಿ’ ಅಂತ ಇನ್ನೂ ನಾಲ್ಕು ದೋಸೆ ತಿಂದರೆ? ಹೀಗೆ ಬೇಜಾರಾಗಿರುವ ಇವನನ್ನೇ ನಾನು ಹೆಚ್ಚು... ಛೀ! ಎಂಥ ಹೆಂಡತಿ ನಾನು.

8.50

ಬೈಕಿನ ಕೀ ಹುಡುಕುತ್ತಿದ್ದಾನೆ. ಸುಳ್ಯಕ್ಕೆ ಹೋಗಿ, ಕಾಲಿಗೆ ಬಿದ್ದಾದರೂ ಪೂವಕ್ಕನನ್ನು ಕರೆದುಕೊಂಡು ಬರುತ್ತಾನಂತೆ. ನಾನೂ ಹೋಗಬೇಕಂತೆ. ಅತ್ತೆಗೆ ಹೇಳಿಯೂ ಆಯಿತು. ಅತ್ತೆಯ ಎದುರು ಮೊದಲ ಸಲ ಇವನ ಸ್ವರ ಏರಿತು.

ಕೋಣೆಗೆ ಬಂದು ಪೂವಕ್ಕನಿಗೆ ಫೋನ್ ಮಾಡಿದೆ, ಕೊಟ್ಟ ಮಾತಿನಿಂದ ನನ್ನನ್ನು ಬಿಡಿಸಿ ಅಂತ ಕೇಳಲು. ಭವಿತಾ ಎತ್ತಿದಳು. “ಅಮ್ಮ ಅಂಗಡಿಗೆ ಬಣ್ಣ ಹೊಡೀತಾ ಇದ್ದಾರೆ ಅಕ್ಕ. ಕೈಯೆಲ್ಲ ಬಣ್ಣ. ಮತ್ತೆ ಮಾಡ್ಲಿಕ್ಕೆ ಹೇಳ್ಲಾ?”

ಹಿಂದೆ ಪೂವಕ್ಕ ಜೋರಾಗಿ ನಗುತ್ತಿದ್ದರು. ನಮ್ಮ ಅಂಗಡಿಯಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿಲ್ಲ.

ಇವನು ಬಾಗಿಲಲ್ಲಿ. ಎರಡು ಹೆಲ್ಮೆಟ್ ಕೈಯಲ್ಲಿ. “ಯಾರಿಗೆ ಫೋನ್ ಮಾಡಿದ್ದು?”

ಹೇಳಿಬಿಡುತ್ತೇನೆ. ಇಲ್ಲ, ಅಲ್ಲಿಗೆ ಹೋಗಿ ತಾನೇ ನೋಡಲಿ. ಇಲ್ಲ — ಪಾಪ, ಸುಳ್ಯದವರೆಗೆ ಆ ಮುಖ ಹೊತ್ತುಕೊಂಡು... ಹೇಳುತ್ತೇನೆ. ಪೆನ್ನು ಇಟ್ಟ ಕೂಡಲೇ.