ಬೂದು ಬಣ್ಣದೊಳಗೆ ಒಲೆ ಉರಿಯುತ್ತಿದೆ

ರಾಜಧಾನಿಯ ನಕ್ಷೆ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಈ ಪತ್ರ ಬರೆಯುತ್ತಿರುವವಳು ನಿಮ್ಮ ನಕ್ಷೆಯ ಪ್ರಕಾರ ಇಲ್ಲ. ಅವಳ ಮನೆ ಇಲ್ಲ, ಮನೆಯ ಮುಂದಿನ ಅಂಗಡಿ ಇಲ್ಲ, ಅಂಗಡಿಗೆ ಬರುವ ಗಿರಾಕಿಗಳಂತೂ ಇಲ್ಲವೇ ಇಲ್ಲ. ನಮ್ಮ ದ್ವೀಪದ ದಕ್ಷಿಣದ ಅರ್ಧಕ್ಕೆ ನೀವು ಬೂದು ಬಣ್ಣ ಬಳಿದು, ಪಕ್ಕದಲ್ಲಿ ಆ ಬಣ್ಣದ ಅರ್ಥವನ್ನೂ ಬರೆದಿದ್ದೀರಿ: ‘ಜನವಸತಿ ಇಲ್ಲ’. ಸಮುದ್ರದ ತಡೆಗೋಡೆ ಜನ ಇರುವ ಕಡೆಗೆ ಮಾತ್ರ ಎಂದು ಸರ್ಕಾರ ಹೇಳಿದೆ. ಹಾಗಾಗಿ ಜನ ಇದ್ದಾರೆಂದು ನೀವು ಬಳಿದ ಕಿತ್ತಳೆ ಬಣ್ಣ ಎಲ್ಲಿ ಮುಗಿಯುತ್ತದೋ ಗೋಡೆಯೂ ಅಲ್ಲೇ ಮುಗಿಯುತ್ತದೆ, ಮುಂದಿನ ದೊಡ್ಡ ಉಬ್ಬರದ ಉಪ್ಪುನೀರು ನೇರ ನಮ್ಮ ಬಾವಿಗೂ ಗೆಡ್ಡೆಯ ಹೊಂಡಗಳಿಗೂ ನುಗ್ಗುತ್ತದೆ. ಯಾರೂ ಇಲ್ಲದ ಜಾಗದಲ್ಲಿ ಇಷ್ಟು ವರ್ಷ ಅಕ್ಕಿ, ಹಿಟ್ಟು, ಡಬ್ಬಿ ಮಾಂಸ ಮಾರುತ್ತ ಕೂತ ನನಗೆ ತಲೆ ಕೆಟ್ಟಿದೆಯೋ, ನಿಮ್ಮ ನಕ್ಷೆಗೆ ಕೆಟ್ಟಿದೆಯೋ ಎಂಬುದು ಈಗ ಊರೆದುರು ತೀರ್ಮಾನವಾಗಲಿ.

ನಕ್ಷೆ ಚೆಂದವಿದೆ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಫೋನಿನಲ್ಲಿ ಎರಡು ಬೆರಳಿಟ್ಟು ಹಿಗ್ಗಿಸಿದರೆ ಹಿಗ್ಗುತ್ತದೆ, ತಿರುಗಿಸಿದರೆ ತಿರುಗುತ್ತದೆ. ಒಳಗಡಲಿನ ನೀರು ಎಲ್ಲೆಲ್ಲಿ ಎಷ್ಟು ಆಳ ಎಂದು ಬಗೆಬಗೆಯ ನೀಲಿಯಲ್ಲಿ ತೋರಿಸಿದ್ದೀರಿ. ಮೀನುಗಳಿಗೆ ಇಷ್ಟು ನೀಲಿ ಹುಡುಕಿದ ನಿಮಗೆ ನಮಗೊಂದು ಬಣ್ಣ ಸಿಗಲಿಲ್ಲವೇ? ಬಣ್ಣ ಆರಿಸುವುದು ಸಣ್ಣ ಕೆಲಸವೆಂದು ನಿಮ್ಮ ಕಚೇರಿ ತಿಳಿದಂತಿದೆ. ಕಲ್ಲು, ಸಿಮೆಂಟು ಎಲ್ಲಿ ಇಳಿಯಬೇಕೆಂದು ಹೇಳುವುದು ಆ ಬಣ್ಣ. ಯಾರ ಬಾವಿ ಸಿಹಿಯಾಗಿ ಉಳಿಯಬೇಕೆಂದು ಹೇಳುವುದೂ ಆ ಬಣ್ಣವೇ. ಮಂತ್ರಿಗಳು ನಮ್ಮ ದ್ವೀಪಕ್ಕೆ ಕಾಲಿಟ್ಟವರಲ್ಲ, ಅವರಿಗೆ ಕಂಡಿರುವುದು ನಿಮ್ಮ ಚಿತ್ರ ಮಾತ್ರ. ಚಿತ್ರದಲ್ಲಿ ಬೂದಿಯಾದವರು ಅವರ ಪಾಲಿಗೂ ಬೂದಿಯೇ.

ಈ ಬೂದಿ ಹೇಗೆ ಬಂತು ಎಂದು ಹೇಳುತ್ತೇನೆ, ದಯವಿಟ್ಟು ಕೂತು ಓದಿ. ನಿಮ್ಮ ಅಳತೆಯ ತಂಡ ದೋಣಿಯಿಂದ ಇಳಿದ ದಿನ ದಕ್ಷಿಣ ದಂಡೆಯ ಒಂದು ಮನೆಯಲ್ಲೂ ಒಲೆ ಹೊತ್ತಿರಲಿಲ್ಲ, ನಿಜ. ಹಗ್ಗದ ಮೇಲೆ ಒಂದು ಬಟ್ಟೆ ಒಣಗುತ್ತಿರಲಿಲ್ಲ, ಅದೂ ನಿಜ. ಏಕೆಂದರೆ ನೆಂಟರು ಬಂದಿದ್ದರು, ನಿಮ್ಮ ಆ ತಂಡವೇ ನಮ್ಮ ನೆಂಟರು! ನೆಂಟರು ಬಂದರೆ ನಮ್ಮಲ್ಲಿ ಮನೆಯಲ್ಲಿ ಕೂರುವವರುಂಟೇ? ಚಾಪೆ, ಪಾತ್ರೆ, ಮಕ್ಕಳು, ಮುದುಕರು ಸಮೇತ ಇಡೀ ಊರು ಉತ್ತರದ ತುದಿಯಲ್ಲಿರುವ ಮಾನೆಯಬಾಕ್ಕೆ, ನಮ್ಮ ದೊಡ್ಡ ಸಭಾಮನೆಗೆ, ಹೋಗಿ ನೆಲೆಸುತ್ತದೆ. ಅಲ್ಲಿ ಪ್ರತಿ ಮನೆತನಕ್ಕೂ ತನ್ನದೇ ಕಂಬ, ತನ್ನದೇ ಚಾಪೆಯ ಜಾಗ. ನೆಂಟರು ಹೊರಡುವವರೆಗೆ ಅಲ್ಲೇ ಅಡುಗೆ, ಅಲ್ಲೇ ಹಾಡು, ಅಲ್ಲೇ ನಿದ್ದೆ. ಬಂದವರನ್ನು ಮನೆ ಮನೆ ಅಲೆಸಿದರೆ ಊರಿಗೇ ಅವಮಾನ. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇ? ನೀವೂ ಯಾವುದೋ ಮಾನೆಯಬಾದ ಯಾವುದೋ ಕಂಬದ ಬುಡದಲ್ಲಿ ಅಂಬೆಗಾಲಿಟ್ಟವರೇ ಅಲ್ಲವೇ?

ತಂಡದ ಮುಂದಾಳು ಉರಿಯಾಮ್ ಒಳ್ಳೆಯವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಬಂದ ಮರುದಿನವೇ ಟ್ಯಾಬ್ ಹಿಡಿದು ನನ್ನ ಚಿಕ್ಕಮ್ಮ ಬ್ವಾಯೆರೆಯ ಮುಂದೆ ಕೂತ. ದಕ್ಷಿಣದ ಕಟ್ಟಕಡೆಯ ಮನೆ ಅವಳದು.

“ಅಮ್ಮಾ, ನಿಮ್ಮ ಮನೆ ಹತ್ರ ಹೋಗಿ ಬರ್ಕೊಳ್ಳೋಣ್ವಾ?” ಎಂದ.

“ಈ ಬಿಸಿಲಲ್ಲಾ? ನಿಮ್ಮಮ್ಮ ಕೇಳಿದ್ರೆ ನನಗೇನಂತಾಳೆ? ಮಗನ್ನ ಸುಟ್ಟು ಕಳಿಸಿದ್ಲು ಅನ್ನಲ್ವಾ? ಸುಮ್ನೆ ಕೂತ್ಕೊಂಡು ಕೇಳಪ್ಪ, ಎಲ್ಲಾ ಇಲ್ಲೇ ಹೇಳ್ತೀನಿ. ಏ ತಬೇರಾ, ಇವನಿಗೆ ಇನ್ನೊಂದು ಹಾರುಮೀನು ಹಾಕೇ, ಕತ್ತು ನೋಡು, ಕೊಕ್ಕರೆ ಥರ ಇದೆ!” ಎಂದು ಚಿಕ್ಕಮ್ಮ ನನ್ನನ್ನು ಕೂಗಿದಳು.

“ಅಮ್ಮಾ, ಹೊಟ್ಟೆ ಬಿರಿಯುತ್ತೆ...”

“ಬಿರೀಲಿ, ಹೊಲಿಯೋಕೆ ದಾರ ಇದೆ.”

ಊರೆಲ್ಲ ನಕ್ಕಿತು, ಉರಿಯಾಮನೂ ನಕ್ಕ, ನಕ್ಕು ಕೂತು ಬರೆದುಕೊಂಡ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸರಿಯುತ್ತ ಇಡೀ ಊರನ್ನು ನೆರಳಲ್ಲೇ ಬರೆದು ಮುಗಿಸಿದ. ಆ ಯಂತ್ರ ಎಲ್ಲಿ ಕೂತು ಹೆಸರು ಬರೆದರೋ ಮನುಷ್ಯನನ್ನು ಅಲ್ಲಿಗೇ ನೆಟ್ಟುಬಿಡುತ್ತದೆ ಎಂಬುದು ನಮಗೆ ಗೊತ್ತಾದದ್ದು ನಿಮ್ಮ ನಕ್ಷೆ ಬಂದ ಮೇಲೆ. ದ್ವೀಪದಲ್ಲಿ ಹುಟ್ಟಿದ ಪ್ರತಿ ಜೀವವೂ ಒಂದೇ ಸೂರಿನಡಿ ಸಂಸಾರ ಮಾಡುತ್ತಿರುವಂತೆ ಉತ್ತರಕ್ಕೊಂದು ಕುಂಬಳಕಾಯಿ ಗಾತ್ರದ ಕಿತ್ತಳೆ ವೃತ್ತ! ಇದನ್ನು ಕಂಡು ನಿಮ್ಮಲ್ಲಿ ಒಬ್ಬರಿಗಾದರೂ ಅನುಮಾನ ಬರಬಾರದಿತ್ತೇ? ಬರಲಿಲ್ಲ. ಏಕೆಂದರೆ ಅದೇ ವಾರ ನಿಮ್ಮ ಡ್ರೋನ್ ಮೇಲಿನಿಂದ ನಮ್ಮ ಮನೆಗಳ ಚಿತ್ರ ತೆಗೆದಿತ್ತು. ಹೊಗೆಯಿಲ್ಲ, ಬಟ್ಟೆಯಿಲ್ಲ, ನರಪಿಳ್ಳೆಯಿಲ್ಲ. ಒಂದು ಯಂತ್ರ ಹೇಳಿದ ಸುಳ್ಳಿಗೆ ಇನ್ನೊಂದು ಯಂತ್ರ ಸಾಕ್ಷಿ ನುಡಿಯಿತು, ನೀವು ಬಣ್ಣ ಬಳಿದಿರಿ.

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ನಿಮ್ಮವರು ಈ ಮಾತನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ಜಂತೆ ಹಾಳಾಗಲಿ, ಮನೆಯನ್ನೇ ಎಣಿಸಲಿಲ್ಲ.

ತಪ್ಪು ಯಾರಿಂದಲೂ ಆಗುತ್ತದೆ, ಹೇಳಿದರೆ ತಿದ್ದುತ್ತಾರೆ ಎಂದುಕೊಂಡು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿಕೊಂಡಾತ ಬಹಳ ಮರ್ಯಾದೆಯ ಮನುಷ್ಯ.

“ನಕ್ಷೇಲಿ ನಿಮ್ಮ ಕಡೆ ಯಾರೂ ಇಲ್ಲವಲ್ಲಮ್ಮ,” ಎಂದ.

“ಮತ್ತೆ ನಿನ್ನ ಹತ್ರ ಮಾತಾಡ್ತಿರೋದು ಯಾರಪ್ಪ, ದೆವ್ವಾನಾ?”

“ಹಾಗಲ್ಲಮ್ಮ. ಮಾಹಿತಿ ನೋಡಿ ನಕ್ಷೆ ಆಗಿರೋದು. ನಕ್ಷೆ ಬದಲಾಯಿಸಬೇಕಂದ್ರೆ ಮಾಹಿತಿ ಬದಲಾಗಬೇಕು.”

“ಮಾಹಿತಿ ಈಗ ನಿನ್ನ ಕಿವೀಲೇ ಕೂಗ್ತಾ ಇದೆಯಲ್ಲೋ!”

“ಅದು ಸರಿ. ಆದ್ರೆ ನೀವು ಈಗ ಕೂತಿರೋ ಜಾಗದಲ್ಲಿ ಜನ ಇಲ್ಲ ಅಂತ ಇದೆ. ಅಲ್ಲಿಂದ ಬಂದ ದೂರನ್ನ ತಗೊಳ್ಳೋಕೆ ನಮ್ಮಲ್ಲಿ ಆಗಲ್ಲಮ್ಮ.”

ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಫೋನ್ ಇಟ್ಟೆ. ಇಷ್ಟಾಗಿದ್ದರೆ ಊರವರಿಗೆ ಹೇಳಿ ನಗಿಸಿ ಸುಮ್ಮನಾಗುತ್ತಿದ್ದೆನೇನೋ. ನಾನು ಈ ಪತ್ರವನ್ನು ಪತ್ರಿಕೆಗೆ ಕಳಿಸುತ್ತಿರುವುದು ಬೇರೆಯೇ ಒಂದು ಮಾತಿಗಾಗಿ.

ಚಿಕ್ಕಮ್ಮನ ಮನೆಯ ಹಿಂದೆ ಬ್ವಾಬ್ವಾಯಿ ಹೊಂಡವಿದೆ. ಆಳುದ್ದದ ಎಲೆ ಬಿಡುವ ಆ ಕೆಸುವಿನ ಗೆಡ್ಡೆಯನ್ನು ಅವಳ ತಾಯಿಯ ತಾಯಿ ನೆಟ್ಟಳು. ನೆಲದಡಿಯ ಸಿಹಿನೀರು ಸಿಗುವವರೆಗೆ ಹವಳದ ಕಲ್ಲು ಅಗೆದ ಕೈಗಳು ಅವು. ಮದುವೆಗೂ ಸಾವಿಗೂ ನಮ್ಮ ಮನೆತನದ ಗೆಡ್ಡೆ ಬರುವುದು ಅಲ್ಲಿಂದಲೇ. ಹೋದ ಉಬ್ಬರಕ್ಕೆ ಸಮುದ್ರದ ಕಡೆಯ ಸಾಲು ಹಳದಿಯಾಯಿತು. ಇನ್ನೊಮ್ಮೆ ಉಪ್ಪು ಬಂದರೆ ಹೊಂಡ ಸತ್ತಂತೆ, ಅವಳ ಕಾಲದಲ್ಲಂತೂ ಮತ್ತೆ ಚಿಗುರುವುದಿಲ್ಲ. ಗೋಡೆಯ ಸುದ್ದಿ ಕೇಳಿದ ಸಂಜೆ ಅವಳು ಆ ಹೊಂಡದ ಅಂಚಲ್ಲಿ ಕೂತಿದ್ದಳು. ನನ್ನನ್ನು ಕಂಡು ಕೇಳಿದ್ದು ಒಂದೇ ಮಾತು:

“ನಾನು ಆ ಮಗೂನ ಬಿಸಿಲಿಗೆ ಕಳಿಸದೆ ಊಟಕ್ಕೆ ಕೂರಿಸಿದ್ದೇ ತಪ್ಪಾಯ್ತೇನೇ, ತಬೇರಾ?”

ಮಾನ್ಯರೇ, ಎಪ್ಪತ್ತು ದಾಟಿದ ಜೀವ, ಬಂದವರಿಗೆ ಬಡಿಸದೆ ತಾನು ಉಂಡದ್ದಿಲ್ಲ. ಅವಳ ಬಾಯಲ್ಲಿ ಈ ಮಾತು ಬರಿಸಿದ್ದು ನಿಮ್ಮ ನಕ್ಷೆ. ಗೋಡೆಯನ್ನಾದರೂ ಕ್ಷಮಿಸಿಯೇನು, ಇದನ್ನು ಕ್ಷಮಿಸಲಾರೆ.

ಮೊನ್ನೆ ಮಾನೆಯಬಾದಲ್ಲಿ ಊರು ಸೇರಿತು. ಹಿರಿಯ ತೆರಾಕ ಮೊದಲು ಮಾತಾಡಿದರು. ಅವರ ಮನೆ ನಿಮ್ಮ ಕಿತ್ತಳೆಯ ನಟ್ಟನಡುವೆ ಇದೆ, ಗೋಡೆ ಬಂದರೆ ಮೊದಲ ಲಾಭ ಅವರಿಗೆ. ಅವರು ಸುಮ್ಮನಿರಬಹುದಿತ್ತು.

“ಕಲ್ಲು ತರೋ ದೋಣಿಗೆ ಬಂಡೆಗಳ ನಡುವೆ ದಾರಿ ತೋರಿಸೋರು ಯಾರು? ನಮ್ಮ ಹುಡುಗ್ರು ತಾನೆ? ತೋರಿಸಬೇಡಿ. ಅರ್ಧ ಊರಿಗೆ ಕಟ್ಟೋ ಗೋಡೆ ನನಗೂ ಬೇಡ,” ಎಂದರು. “ಅಳೆಯೋರು ಮತ್ತೆ ಬರ್ಲಿ. ಈ ಸಲ ಯಾರೂ ಇಲ್ಲಿಗೆ ಬರಕೂಡದು. ಎಲ್ಲಾ ಅವರವರ ಮನೇಲೇ ಇರಿ. ಅವರೇ ನಡೀಲಿ.”

ನೆಂಟರನ್ನು ಎದುರುಗೊಳ್ಳದೆ ಮನೆಯಲ್ಲಿ ಕೂರುವುದೆಂದರೆ ನಮಗೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ತೆರಾಕರ ಎದುರು ಮಾತಾಡುವವರು ಕಡಿಮೆ. ಚಿಕ್ಕಮ್ಮ ಎದ್ದಳು.

“ನಡೀಲಿ ತೆರಾಕ, ಬೇಡ ಅನ್ನಲ್ಲ. ಆದ್ರೆ ನನ್ನ ಬಾಗಿಲಿಗೆ ಬಂದೋರು ಹಸಿದುಕೊಂಡು ಹೋಗಬಾರದು. ನಾನು ಒಲೆ ಹಚ್ಚೋಳೇ.”

“ನಾನೂ,” ಎಂದಳು ಪಕ್ಕದ ಕಂಬದವಳು. ಆಮೇಲೆ ಪ್ರತಿ ಕಂಬದಿಂದಲೂ ಅದೇ ಮಾತು ಬಂತು.

ಆದ್ದರಿಂದ ಊರಿನ ಬೇಡಿಕೆ ಇದು. ಉಬ್ಬರದ ಕಾಲ ಬರುವ ಮುಂಚೆ ಬನ್ನಿ. ತಂಡವನ್ನಷ್ಟೇ ಕಳಿಸಬೇಡಿ, ನೀವೇ ಬನ್ನಿ. ನಿಮ್ಮನ್ನು ಎದುರುಗೊಳ್ಳಲು ದಂಡೆಯಲ್ಲಿ ಯಾರೂ ಇರುವುದಿಲ್ಲ, ಹೂವಿನ ಹಾರವಿಲ್ಲ, ಹಾಡಿಲ್ಲ. ದಕ್ಷಿಣದ ತುದಿಯಿಂದ ಶುರುಮಾಡಿ, ಬಿಸಿಲಲ್ಲಿ ನಡೆಯಿರಿ. ಪ್ರತಿ ಮನೆಯಲ್ಲೂ ಒಲೆ ಉರಿಯುತ್ತಿರುತ್ತದೆ, ಡ್ರೋನ್ ಹಾರಿಸಿದರೆ ಅದರ ಕಣ್ಣಿಗೂ ಹೊಗೆ ತಾಗೀತು. ಪ್ರತಿ ಮನೆಯಲ್ಲೂ ಕೂರಬೇಕು, ಹಾಕಿದ್ದನ್ನು ಉಣ್ಣಬೇಕು. ಹೊಟ್ಟೆ ತುಂಬಿತು ಎಂದರೆ ಕೇಳುವುದಿಲ್ಲ, ನಮ್ಮಲ್ಲಿ ದಾರವಿದೆ. ಕೊನೆಗೆ ಎಷ್ಟು ಮನೆಗಳಲ್ಲಿ ಉಂಡಿರೋ ಅಷ್ಟು ಚುಕ್ಕೆ ಹಾಕಿ. ಒಂದು ಕಡಿಮೆಯಾದರೂ ಉಂಡ ಅನ್ನ ನಿಮ್ಮನ್ನು ಕೇಳಲಿ.

ಇಂತಿ, ನಿಮ್ಮ ಬೂದು ಬಣ್ಣದ ನಡುವೆ ಅಂಗಡಿ ತೆರೆದುಕೊಂಡೇ ಕೂತಿರುವ,
ತಬೇರಾ
(ನೀವು ಬಂದು ಉಂಡು ಹೋಗುವವರೆಗೆ: ಇಲ್ಲದವಳು)